ಎಂಟು ಕೈಯವರಿಗೂ ‘ಬರ್ರಿ’

ವಿಶ್ರಾಮಬಾಗದ ಗುಂಡೋಪಂತ ಕಾಕಾ ಓದುವ ಹಳೆಯ ವಿಜ್ಞಾನ ಕಾದಂಬರಿಗಳಲ್ಲಿ ಅನ್ಯಗ್ರಹದವರು ಇಳಿದೊಡನೆ ನಮ್ಮವರು ಬಂದೂಕು ಎತ್ತುತ್ತಾರೆ. ಕಾಕಾ ಪೆನ್ಸಿಲ್ ಎತ್ತುತ್ತಾರೆ. ಪುಟದಂಚಿನಲ್ಲಿ ‘ಮೊದಲ ಬರ್ರಿ, ಕುಂದ್ರಿ ಅನ್ನಬೇಕಿತ್ತು’ ಎಂದು ಬರೆಯುತ್ತಾರೆ. ಮೂರು ಕಣ್ಣು, ಎಂಟು ಕೈ ಇದ್ದವರನ್ನೂ ಏಕವಚನದಲ್ಲಿ ಕರೆದರೆ ಕಾಕಾರಿಗೆ ಸಿಟ್ಟು. “ಅವರ ಭಾಷಾ ನಮಗ ತಿಳೀಬೇಕಲ್ರಿ, ಕಾಕಾ?” ಎಂದು ಅಣ್ಣನ ಮಗಳು ಮೃಣ್ಮಯಿ ಕೇಳಿದರೆ, “ಅಷ್ಟು ದೂರದಿಂದ ದಣದ ಬಂದಾರ. ನೀರ ಕೊಡಾಕ ಭಾಷಾ ಯಾಕ ಬೇಕ?” ಎಂದು ರೇಗುತ್ತಾರೆ. ಮಿರಜದ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹೆಸರು ಬರೆದು ಕೇಸ್‌ಪೇಪರ್ ಕೊಡುವ ಖಿಡಕಿಯಲ್ಲಿ ಮೂವತ್ತು ವರ್ಷ ಕೂತಿದ್ದವರು ಅವರು. ಕರ್ನಾಟಕದಿಂದ ಬಂದ ರೋಗಿಗಳು ಕನ್ನಡದಲ್ಲಿ ಏನಾದರೂ ಕೇಳಿದರೆ, ಮನೆಯಲ್ಲಿ ಕನ್ನಡವನ್ನೇ ಆಡುವ ಕಾಕಾ ತಲೆಯೆತ್ತದೆ, ಏಕವಚನದಲ್ಲೇ ಹೇಳುತ್ತಿದ್ದುದು ಒಂದೇ ಮಾತು: “ಮರಾಠೀತ ಬೋಲ.”