ಲೇಹ್‌ಗೂ ಶ್ರೀನಗರಕ್ಕೂ ಎರಡು ಬೆರಳು

ದೊಡ್ಡಪ್ಪನ ಅಂಗಿಯ ಎದೆಜೇಬಿನ ತುದಿ ಯಾವಾಗಲೂ ಹರಿದಿರುತ್ತಿತ್ತು. ಅದರಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು. ಭದ್ರಾವತಿಯ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಆ ಸ್ಕೇಲಿಗೆ ಬಿಡುವಿರಲಿಲ್ಲ. ಹಬ್ಬದ ದಿನ ದೊಡ್ಡಮ್ಮ ಕೊಯ್ದ ಮೈಸೂರುಪಾಕಿನ ಮೇಲೂ ಅದನ್ನಿಟ್ಟು, "ಇದು ದೊಡ್ಡದಾಯ್ತಲ್ಲೇ ಮಾರಾಯ್ತಿ" ಎನ್ನುತ್ತಿದ್ದರು. ನಾವೆಲ್ಲ ನಗಬೇಕಿತ್ತು. ನನಗೆ ಆಗಲೂ ನಗು ಬರುತ್ತಿರಲಿಲ್ಲ.

ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಅವರು ವಿಮಾನಕ್ಕೂ ಪಂಡಿತರಾದರು. ಒಂದು ಸಲವೂ ಹತ್ತಿದವರಲ್ಲ. ಗೋಡೆಯ ಮೇಲಿನ ಭಾರತದ ಭೂಪಟಕ್ಕೆ ಸ್ಕೇಲು ಹಿಡಿದು, ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತು ಎಂದು ಹೇಳಿಬಿಡುತ್ತಿದ್ದರು. ಮನೆಗೆ ಹಿರಿಯರು, ಎದುರಾಡುವವರಿಲ್ಲ.

ದೊಡ್ಡಪ್ಪನೂ ಅಪ್ಪನೂ ಒಟ್ಟಿಗಿದ್ದ ಭದ್ರಾವತಿಯ ಆ ಮನೆಯಲ್ಲೇ ಒಂದು ಬೆಳಗ್ಗೆ ಅಪ್ಪ ತೀರಿಕೊಂಡರು. ನಾನು ಶಿವಮೊಗ್ಗದ ರಾಗಿಗುಡ್ಡದ ಗಂಡನ ಮನೆಯಿಂದ ಓಡಿಬಂದೆ. ನನ್ನ ತಮ್ಮ ಲೇಹ್‌ನಲ್ಲಿ ರಸ್ತೆ ಕೆಲಸದಲ್ಲಿದ್ದ. ಫೋನಿನಲ್ಲಿ ಅಳುತ್ತಲೇ ಹೇಳಿದ: "ಅಕ್ಕಾ, ಇವತ್ತಿನ ವಿಮಾನ ಹೋಗಾಯ್ತು. ಹೊತ್ತೇರಿದ್ರೆ ಇಲ್ಲಿ ಗಾಳಿ ಜೋರು, ಯಾವ್ದೂ ಏಳಲ್ಲ. ನಾಳೆ ಬೆಳಗ್ಗೆ ಶ್ರೀನಗರಕ್ಕೆ ಬಂದು ಅಲ್ಲಿಂದ ಬರ್ತೀನಿ. ಅಪ್ಪನ ಮುಖ ನೋಡ್ಬೇಕು. ಅಲ್ಲೀವರೆಗೂ ತೆಗೀಬೇಡಿ."

ದೊಡ್ಡಪ್ಪ ಅಪ್ಪನ ತಲೆಯ ಬಳಿಯಿಂದ ಎದ್ದು ಹೋಗಿ ಭೂಪಟದ ಮೇಲೆ ಸ್ಕೇಲು ಇಟ್ಟರು.

"ಲೇಹ್‌ಗೂ ಶ್ರೀನಗರಕ್ಕೂ ಎರಡು ಬೆರಳೂ ಇಲ್ಲ. ಇನ್ನೂರೈವತ್ತು ಕಿಲೋಮೀಟರು. ವಿಮಾನಕ್ಕೆ ಮುಕ್ಕಾಲು ಗಂಟೆ. ಬರೋ ಮನಸ್ಸಿದ್ದಿದ್ರೆ ಇಷ್ಟೊತ್ತಿಗೆ ಹೊರಟಿರ್ತಿದ್ದ."

"ಅಲ್ಲಿ ವಿಮಾನಾನೇ ಏಳಲ್ವಂತೆ ದೊಡ್ಡಪ್ಪ. ಐಸ್ ಪೆಟ್ಟಿಗೆ ತರಿಸ್ತೀನಿ, ನಾಳೆವರೆಗೂ ಕಾಯೋಣ."

"ಹೆಣ ಎತ್ತೋವರೆಗೂ ಅಕ್ಕಪಕ್ಕದ ಮನೇಲಿ ಒಲೆ ಹಚ್ಚಲ್ಲ. ನಿನ್ನ ತಮ್ಮನಿಗೋಸ್ಕರ ಬೀದಿಗೆ ಬೀದಿನೇ ಉಪವಾಸ ಕೂರ್ಬೇಕಾ?"

ನೆಂಟರು ಹೌದೆಂದು ತಲೆಯಾಡಿಸಿದರು. ಪಕ್ಕದ ಮನೆಯ ತಮಿಳು ಅಜ್ಜಿ ಒಬ್ಬರೇ, "ನಾವು ಇರ್ತೀವಿ ಸಾಮಿ, ಹುಡ್ಗ ಬರ್ಲಿ" ಎಂದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊತ್ತು ಮುಳುಗುವ ಮೊದಲೇ ದೊಡ್ಡಪ್ಪ ಸ್ವಂತ ಮಗನ ಕೈಯಿಂದ ನನ್ನ ಅಪ್ಪನಿಗೆ ಬೆಂಕಿ ಕೊಡಿಸಿದರು.

ತಮ್ಮ ಮರುದಿನ ಸಂಜೆ ಬಂದ. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪ, "ಅಂತೂ ಬಂದ್ಯಲ್ಲ" ಎಂದರು. ಅವನು ನೇರ ಒಳಗೆ ಬಂದು ನನ್ನನ್ನು ಕೇಳಿದ: "ಅಪ್ಪನ ಮುಖ ಹೇಗಿತ್ತಕ್ಕಾ? ನೋವಿತ್ತಾ?" ಇರಲಿಲ್ಲ ಎಂದೆ. ಅವನು ನಂಬಲಿಲ್ಲ. ಈಗಲೂ ಫೋನ್ ಮಾಡಿದಾಗ ನಡುವೆ ಅದನ್ನೇ ಕೇಳುತ್ತಾನೆ.

ನನ್ನ ಮದುವೆಯ ಚಪ್ಪರಕ್ಕೆ ಬಿಸಿಲಲ್ಲಿ ನಿಂತು ಅಳತೆ ಕೊಟ್ಟವರು ದೊಡ್ಡಪ್ಪನೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ದಿನದ ಬಗ್ಗೆ ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ಅವರೂ ಹೋದರು. ಜನ ಏನೆಂದುಕೊಂಡಾರು ಎಂದು ಹೋಗಿ ಬಾಗಿಲಲ್ಲಿ ನಿಂತೆ. ದೊಡ್ಡಮ್ಮ ಹೊದಿಕೆ ಸರಿಸಿ, "ಬಾರೇ, ಕೊನೇ ಸಲ ಮುಖ ನೋಡ್ಕೋ" ಎಂದು ನನ್ನ ಕೈ ಹಿಡಿದು ಎಳೆದರು.

ನಾನು ಕೈ ಬಿಡಿಸಿಕೊಂಡೆ. ನೋಡದೆ ಹೊರಗೆ ಬಂದು ಶಿವಮೊಗ್ಗದ ಬಸ್ಸು ಹತ್ತಿದೆ.