ಮುಚ್ಚಳ ಎತ್ತಿ ನೋಡು

ಟಿಕೋಟಾದ ಬಸ್ ನಿಲ್ದಾಣದ ಎದುರಿನ ನನ್ನ ಝೆರಾಕ್ಸ್ ಅಂಗಡಿ ಮುಚ್ಚು ಎಂದು ಈಗ ಎಲ್ಲರೂ ಹೇಳುತ್ತಾರೆ. ಮುಚ್ಚುವುದಿಲ್ಲ. ತಪ್ಪು ಮಾಡಿದ್ದೇನೆ, ಒಪ್ಪುತ್ತೇನೆ. ಅದಕ್ಕಾಗಿ ಕುರ್ಚಿ ಬಿಟ್ಟು ಏಳುವವನು ಮಾತ್ರ ನಾನಲ್ಲ.

ಬಿಜ್ಜರಗಿಯ ಒಬ್ಬ ಹೆಣ್ಣುಮಗಳು ತನ್ನ ಮಗಳ ಹತ್ತನೆಯ ತರಗತಿಯ ಅಂಕಪಟ್ಟಿ ಸ್ಕ್ಯಾನ್ ಮಾಡಿಸಿ ಹೋಗಿದ್ದಳು. ನಾನು ಕಂಪ್ಯೂಟರ್ ಬಂದ್ ಮಾಡಿ ಶಟರ್ ಅರ್ಧ ಎಳೆದಾಗ ಓಡುತ್ತ ಬಂದಳು.

“ಯಜ್ಜಾ, ಅಸಲ ಮಾರ್ಕ್ಸ್ ಕಾರ್ಡ್ ಇಲ್ಲೇ ಉಳದೈತ್ರಿ. ಮಿಷಿನ್ನ್ಯಾಗ ನೋಡ್ರಿ.”

“ನಿನ್ನ ಚೀಲದಾಗ ಹುಡುಕು ಬೇ. ಕಳಕೊಂಡು ನನ್ನ ಮ್ಯಾಲೆ ಹಾಕಬ್ಯಾಡ.”

ಬಸ್ಸಿಗೆ ನಿಂತವರೆಲ್ಲ ಕೇಳಿಸಿಕೊಂಡರು. ಮರುದಿನ ಸ್ಕ್ಯಾನರಿನ ಮುಚ್ಚಳ ಎತ್ತಿದರೆ ಅಂಕಪಟ್ಟಿ ಗಾಜಿನ ಮೇಲೆ ಬೋರಲಾಗಿ ಬಿದ್ದಿತ್ತು.

ಜೀಪು ಹತ್ತಿ ಬಿಜ್ಜರಗಿಗೆ ಹೋದೆ. ಆಡುಗಳಿಗೆ ಸೊಪ್ಪು ಹಾಕುತ್ತಿದ್ದ ಆಕೆ ಅಂಕಪಟ್ಟಿ ಇಸಿದುಕೊಂಡು ಸೆರಗಿನಲ್ಲಿ ಒರೆಸಿದಳು.

“ಕಾಗದ ಬಂತರಿ. ಮಂದಿ ಮುಂದ ಅಂದದ್ದು?”

ನಾನು ಬಂದ ಜೀಪಿನಲ್ಲೇ ಟಿಕೋಟಾಕ್ಕೆ ಮರಳಿದೆ.

ನೆನಪು ಕೈಕೊಟ್ಟರೆ ಕಂಪ್ಯೂಟರೇ ನೆನಪಿಸಲಿ ಎಂದುಕೊಂಡೆ. ಬಂದ್ ಆಗುವಾಗ ‘ಮುಚ್ಚಳ ಎತ್ತಿ ನೋಡು’ ಎಂದು ಪರದೆಯ ಮೇಲೆ ತೋರಿಸುವಂತೆ ಕಂಪ್ಯೂಟರಿಗೆ ನಾಲ್ಕು ಸಾಲಿನ ಆಜ್ಞೆ, ಅಂದರೆ ಚಿಕ್ಕ ಸ್ಕ್ರಿಪ್ಟ್ ಬರೆದೆ. ಕಲಿತದ್ದು ಎಸ್ಸೆಸ್ಸೆಲ್ಸಿ, ಉಳಿದದ್ದು ಮೊಬೈಲಿನಲ್ಲಿ ನೋಡಿ ತಿಳಿದದ್ದು. ಆದರೆ ಸಂದೇಶ ಕಾಣಿಸಲೇ ಇಲ್ಲ. ಪರದೆಯ ಮೇಲೆ ಚಕ್ರ ಮಾತ್ರ ಸುತ್ತುತ್ತ ಕೂತಿತು, ಕಂಪ್ಯೂಟರ್ ಬಂದ್ ಆಗಲೊಲ್ಲದು.

ಪಕ್ಕದ ಚಹಾದವನು ನಕ್ಕ. “ಕಾಕಾ, ಅದಕ್ಕೂ ನಿನ್ನಂಗ ವಯಸ್ಸಾಗೇತಿ. ಇಬ್ರೂ ಮನಿಗೆ ಹೋಗ್ರಿ.”

“ನೀ ಮೊದಲ ಹಾಲಿಗೆ ನೀರ ಹಾಕೂದ ಬಿಡು ಲೇ.”

ಸ್ಕ್ರಿಪ್ಟ್ ಓಡಿದ ಕೂಡಲೇ ಒಂದು ಫೈಲಿನಲ್ಲಿ ಸಮಯ ಬರೆದಿಡುವಂತೆ ಮಾಡಿದೆ. ಬರೆದಿತ್ತು! ಅಂದರೆ ಓಡುತ್ತಿದೆ, ಕಾಣುತ್ತಿಲ್ಲ. ಆಮೇಲೆ ತಿಳಿಯಿತು: ಬಂದ್ ಆಗುವ ಹೊತ್ತಿಗೆ ಕಂಪ್ಯೂಟರ್ ನನ್ನನ್ನು ಆಗಲೇ ಲಾಗ್ಔಟ್ ಮಾಡಿ ಹೊರಗೆ ಕಳಿಸಿರುತ್ತದೆ. ಸಂದೇಶ ಯಾರಿಗೂ ಕಾಣದ ಕಡೆ ತೆರೆದು, ಯಾರೂ ಒತ್ತಲಾಗದ ‘ಸರಿ’ ಗುಂಡಿಗಾಗಿ ಕಾಯುತ್ತದೆ. ಹೋಗುವಾಗ ಕೇಳಿದರೆ ಉಪಯೋಗವಿಲ್ಲ, ಮೊದಲೇ ಕೇಳಬೇಕು. ಬಂದ್ ಮಾಡಲು ಪರದೆಯ ಮೇಲೆ ನನ್ನದೇ ಒಂದು ಗುಂಡಿ ಇಟ್ಟೆ. ಒತ್ತಿದರೆ ಮೊದಲು ಸಂದೇಶ, ‘ಸರಿ’ ಎಂದ ಮೇಲಷ್ಟೇ ಬಂದ್.

ಮೊನ್ನೆ ಬಿಜ್ಜರಗಿಯ ಆ ಹೆಣ್ಣುಮಗಳು ಎದುರಿಗೆ ಬಸ್ಸಿಗೆ ನಿಂತಿದ್ದಳು, ಕೈಯಲ್ಲಿ ಬೇರೆ ಅಂಗಡಿಯ ಝೆರಾಕ್ಸ್. ನಾನು ರಸ್ತೆಗಿಳಿದು ಎಲ್ಲರಿಗೂ ಕೇಳುವಂತೆ ಹೇಳಿದೆ: “ಅವತ್ತ ಈಕಿ ಹೇಳಿದ್ದು ಖರೆ ಇತ್ತು. ಕಾಗದ ನನ್ನ ಮಿಷಿನ್ನ್ಯಾಗ ಇತ್ತು. ನೋಡದನ ಬೈದಾಂವ ನಾ.”

ಚಹಾದವನು ಕೂಗಿದ, “ಹಂಗಾರ ಅಂಗಡಿ ಮುಚ್ಚತಿ?”

“ಸಂಜಿಗೆ ಮುಚ್ಚತೇನಿ. ನಾಳೆ ತೆರೀತೇನಿ.”

ಆಕೆ ನಗಲಿಲ್ಲ. ಅಂಗಡಿಗೆ ಬಂದು, “ಬಂದ್ ಮಾಡ್ರಿ, ನೋಡೂಣು,” ಎಂದಳು. ಗುಂಡಿ ಒತ್ತಿದೆ. ಸಂದೇಶ ಬಂತು. ನಾನು ಕೈ ಚಾಚುವ ಮೊದಲೇ ಆಕೆ ತಾನೇ ಮುಚ್ಚಳ ಎತ್ತಿ, ಬರಿಯ ಗಾಜನ್ನು ಬಗ್ಗಿ ನೋಡಿ, ಮೆಲ್ಲಗೆ ಇಳಿಸಿದಳು.