ಕಲೂರಿನ ಗೋಡೆಗೆ ಎರಡು ಅಕ್ಷರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನನ್ನ ಮದುವೆಯನ್ನು ಅಪ್ಪ ಮಾಡಿದರು, ನಾನಿರುವ ಮನೆಯನ್ನು ಅದರ ಮಾಲೀಕರು ಕಟ್ಟಿಸಿದರು. ನನ್ನ ಪಾಲಿಗೆ ಉಳಿದಿದ್ದು ‘ಮನೆ’ ಎಂಬ ಎರಡಕ್ಷರವನ್ನು ಮರದಲ್ಲಿ ಕೊರೆದು ಗೋಡೆಗೆ ಹಾಕುವುದೊಂದೇ. ಅದರಲ್ಲೂ ಮುಗ್ಗರಿಸಿದೆ.

ಮೈಸೂರಿನವನಾದ ನಾನು ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತೇನೆ. ಬಾಡಿಗೆ ಫ್ಲ್ಯಾಟ್ ಕಲೂರಿನಲ್ಲಿ. ಧಾರವಾಡದವಳಾದ ನನ್ನ ಹೆಂಡತಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ನೌಕರಿ, ಅಲ್ಲೊಂದು ಬಾಡಿಗೆ ಮನೆ. ಒಂದು ವಾರ ನಾನು ಹೋಗುವುದು, ಒಂದು ವಾರ ಅವಳು ಬರುವುದು. “ಶುಕ್ರವಾರ ನಿಮ್ಮ ರೂಮಿಗೆ ಬರ್ತೀನ್ರಿ” ಎನ್ನುತ್ತಿದ್ದಳು ಅವಳು. ಹಾಲ್, ಅಡುಗೆಮನೆ, ಬಾಲ್ಕನಿ ಎಲ್ಲ ಇದ್ದ ಫ್ಲ್ಯಾಟಿಗೆ ರೂಮು! ಸೇಡಿಗೆ ನಾನೂ ಅವಳದನ್ನು ರೂಮು ಎಂದೇ ಕರೆಯುತ್ತಿದ್ದೆ. ನಗುನಗುತ್ತಲೇ ನಡೆಯುತ್ತಿದ್ದ ಮಾತು, ಆದರೆ ನನಗೆ ಚುಚ್ಚುತ್ತಿತ್ತು. ಮದುವೆಯಾಗಿ ಎರಡು ವರ್ಷವಾಗಿದೆ, ಒಂದು ಸಲವಾದರೂ ಅವಳು ಇದನ್ನು ಮನೆ ಎನ್ನಲಿ ಎಂಬ ಆಸೆ. ಬಾಯಿಬಿಟ್ಟು ಕೇಳುವುದಕ್ಕೆ ಬಿಗುಮಾನ. ಗೋಡೆಯ ಮೇಲೆ ಬರೆದು ಹಾಕಿದರೆ ಓದಿಯಾದರೂ ಹೇಳಿಯಾಳು ಎಂದುಕೊಂಡೆ.

ಪೀಠೋಪಕರಣದ ಅಂಗಡಿಯಿಂದ ಹಲಸಿನ ಹಲಗೆಯ ತುಂಡುಗಳನ್ನು ತಂದೆ. ನಮ್ಮ ಅಕ್ಷರ ಎಷ್ಟು ದುಂಡಗಿದೆ ನೋಡಿ ಎಂದು ಆಫೀಸಿನಲ್ಲಿ ಜಂಬ ಕೊಚ್ಚಿದವನು ನಾನೇ. ಗರಗಸ ಹಿಡಿದ ಮೇಲೆ ಆ ದುಂಡನ್ನು ಶಪಿಸಿದವನೂ ನಾನೇ. ‘ಮ’ದ ಬಾಲ ಎರಡು ಸಲ ಮುರಿಯಿತು. ಮುರಿದ ಬಾಲಗಳು ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಖಾಲಿಯಾಗಿದ್ದ ಚಹಾಪುಡಿ ಡಬ್ಬಿಯಲ್ಲಿ ಬಚ್ಚಿಟ್ಟೆ. ಸದ್ದು ತಡೆಯಲಾರದೆ ಕೆಳಗಿನ ಮನೆಯ ಅಕ್ಕ, ಇಲ್ಲಿನವರ ಮಾತಿನಲ್ಲಿ ಚೇಚಿ, ಮೇಲೆ ಬಂದು, “ಎಂದಾ ಮೋನೇ, ವೀಡು ಪೊಳಿಕ್ಕುವಾಣೋ?” ಎಂದರು. ಮನೆ ಒಡೆಯುತ್ತಿದ್ದೀಯೇನಪ್ಪಾ ಎಂದು. ಅಲ್ಲ ಚೇಚಿ, ಮಾಡುತ್ತಿದ್ದೇನೆ ಎಂದೆ ನನ್ನ ಹರಕು ಮಲಯಾಳದಲ್ಲಿ.

ಕೊನೆಗೆ ಅಕ್ಷರಗಳನ್ನು ಎರಡು ಚೌಕ ಹಲಗೆಗಳ ಮೇಲೆ ಅಂಟಿಸಿ ವಾರ್ನಿಶ್ ಬಳಿದೆ. ‘ನೆ’ ಪರವಾಗಿರಲಿಲ್ಲ, ‘ಮ’ ಮಾತ್ರ ಸುತ್ತು ತಪ್ಪಿದ ಚಕ್ಕುಲಿಯ ಹಾಗಿತ್ತು. ಮೊಳೆ ಹೊಡೆಯಬಾರದೆಂದು ಮಾಲೀಕರ ಕಟ್ಟಪ್ಪಣೆ. ಎರಡೂ ಬದಿ ಅಂಟಿರುವ ಟೇಪು ಹಚ್ಚಿ, ಶುಕ್ರವಾರ ಸಂಜೆ ಬಾಗಿಲಿನ ಎದುರು ಗೋಡೆಗೆ ಒತ್ತಿದೆ. ಮನೆ ಗುಡಿಸಿ, ಹುಳಿ ಮಾಡಿಟ್ಟು ಕಾಯುತ್ತಾ ಕೂತೆ. ಅವಳ ಫೋನು ಬಂತು.

“ಎಲ್ಲಿ ತನಕ ಬಂದ್ರಿ?”

“ಎಲ್ಲಿಗೆ?”

“ಅಯ್ಯ, ಈ ವಾರ ಪಾಳಿ ನಿಮ್ದು ಐತಿ. ಓಣಂ ಸೂಟಿಗೆ ನಾನ ಬಂದಿದ್ದೆ, ಮುಂದಿನ ಪಾಳಿ ನಂದು ಅಂತ ನೀವ ಹೇಳಿದ್ರಿ. ರೊಟ್ಟಿ ಬಡದಿಟ್ಟು ಕುಂತೇನಿ.”

ಅಕ್ಷರದ ಗುಂಗಿನಲ್ಲಿ ಸರದಿ ಬದಲಾದದ್ದೇ ಮರೆತಿದ್ದೆ. ಮರುದಿನ ಬೆಳಿಗ್ಗೆ ಹಲಗೆಗಳನ್ನು ಕಿತ್ತರೆ ಅವುಗಳ ಜೊತೆ ಗೋಡೆಯ ಬಣ್ಣವೂ ಎರಡು ಚೌಕವಾಗಿ ಎದ್ದು ಬಂತು. ಅವಳಿಗೆ ತೋರಿಸಲೆಂದು ಹಲಗೆಗಳನ್ನು ಚೀಲಕ್ಕೆ ಹಾಕಿಕೊಂಡು ಮೊದಲ ರೈಲು ಹಿಡಿದೆ.

ಅವಳು ಹಲಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಯಾರು ಮಾಡ್ಯಾರ?”

“ನಾನೇ.”

“ಗೊತ್ತಾತು ಬಿಡ್ರಿ.” ನಕ್ಕು, ಗೋಡೆಯ ಕ್ಯಾಲೆಂಡರ್ ತೆಗೆದು ಅಲ್ಲಿ ಹಿಡಿದು ನೋಡಿದಳು. “ಇಲ್ಲಿ ಹಚ್ಚೋಣೇನು?”

“ಇಲ್ಲಿಗಲ್ಲ, ಅದು ಕಲೂರಿಗೆ” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು.

ಅವಳ ಮುಖ ಸಣ್ಣದಾಯಿತು. “ಹಂಗಾರ ಇದು ಏನ್ರಿ? ದಿನಾ ಸಂಜಿಕ ಇಲ್ಲೇ ದೀಪ ಹಚ್ತೀನಿ. ನೀವು ರೂಮು ಅಂತೀರಿ.”

ಆ ಮಾತು ನನಗೊಬ್ಬನಿಗೇ ಚುಚ್ಚುತ್ತಿದೆ ಎಂದುಕೊಂಡಿದ್ದ ಜಾಣ ನಾನು. ನಾಚಿಕೆಯಾಯಿತು. ಆ ದಿನವೆಲ್ಲ ಹಲಗೆಗಳು ಮಂಚದ ಮೇಲೇ ಬಿದ್ದಿದ್ದವು. ಭಾನುವಾರ ಹೊರಡುವಾಗ ಅವಳು ‘ನೆ’ಯನ್ನು ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು.

“ಒಂದು ಇಲ್ಲಿರ್ಲಿ. ಬರೋವಾಗ ತರ್ತೀನಿ.”

ಆ ವಾರ ಕಲೂರಿನ ಗೋಡೆಯಲ್ಲಿ ‘ನೆ’ ಒಂದೇ ಇತ್ತು, ಅದರ ಪಕ್ಕದಲ್ಲಿ ಬಣ್ಣ ಕಿತ್ತ ಚೌಕ. ಚೇಚಿ ಇದೇನೆಂದು ಕೇಳಿದರು. ಅರ್ಧ ತಿರುವನಂತಪುರದಲ್ಲಿದೆ ಎಂದೆ. ಎರಡು ವರ್ಷ ಒಬ್ಬನೇ ಇದ್ದ ಜಾಗ ಅದು, ಆ ವಾರ ಮಾತ್ರ ತಡೆಯಲಾರದಷ್ಟು ಖಾಲಿ ಅನಿಸಿತು.

ಶುಕ್ರವಾರ ಅವಳು ಬಂದಳು. ಹೆಗಲಿನ ಚೀಲ ಇಳಿಸದೆಯೇ ‘ಮ’ವನ್ನು ತೆಗೆದು ಆ ಕಿತ್ತ ಚೌಕದ ಮೇಲೆ ಒತ್ತಿದಳು. ತುಸು ಕೆಳಗಾಯಿತು. ನೋಡಿದಳು, ಸರಿಮಾಡಲು ಹೋಗದೆ ಸೀದಾ ಅಡುಗೆಮನೆಗೆ ನಡೆದಳು.

“ಏನ್ರೀ, ನಮ್ಮ ಮನ್ಯಾಗ ಚಾಪುಡಿ ಎಲ್ಲೈತಿ?”

ಪುಡಿ ಮುಗಿದಿದೆ ಎನ್ನಬೇಕಿತ್ತು. ‘ನಮ್ಮ ಮನೆ’ ಎಂದಳಲ್ಲ ಎಂದು ಗೋಡೆಯನ್ನೇ ನೋಡುತ್ತಾ ನಿಂತುಬಿಟ್ಟೆ. ಒಳಗೆ ಡಬ್ಬಿಯ ಮುಚ್ಚಳ ತೆರೆದ ಸದ್ದಾಯಿತು, ಆಮೇಲೆ ಅವಳು ನಗುವುದು ಕೇಳಿಸಿತು.